ಕ್ಲಿನಿಕಲ್ ಡೈರೆಕ್ಟರ್ ಆಗಬೇಕೆಂದು ಬರೆದ ಸೋದರಿಗೆ

ನಮಸ್ಕಾರ.

ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ವಿಶೇಷ ಶಾಲೆಯೊಂದರಲ್ಲಿ ಆಟಿಸಂ ಇರುವ ಮಕ್ಕಳ ಜೊತೆ ಕೆಲವು ವರ್ಷ ಕೆಲಸ ಮಾಡಿ, ಈಗ ಪತಿಯ ಉದ್ಯೋಗದ ನಿಮಿತ್ತ ಎಚ್-4 ವೀಸಾದಲ್ಲಿ ಡಲ್ಲಾಸ್ ಸಮೀಪದ ಫ್ರಿಸ್ಕೋಗೆ ಬಂದಿರುವುದಾಗಿ ಬರೆದಿದ್ದೀರಿ. ಅನ್ವಯಿಕ ವರ್ತನಾ ವಿಶ್ಲೇಷಣೆ, ಅಂದರೆ ಇಲ್ಲಿ ಎಲ್ಲರೂ ಎಬಿಎ ಎಂದು ಕರೆಯುವ ಈ ಕ್ಷೇತ್ರದಲ್ಲಿ ಬಿಸಿಬಿಎ (ಪ್ರಮಾಣಪತ್ರ ಪಡೆದ ವರ್ತನಾ ವಿಶ್ಲೇಷಕಿ) ಆಗಿ, ಮುಂದೆ ಒಂದು ಕೇಂದ್ರದ ಚಿಕಿತ್ಸೆಯ ಹೊಣೆ ಹೊರುವ ಕ್ಲಿನಿಕಲ್ ಡೈರೆಕ್ಟರ್ ಹುದ್ದೆಯವರೆಗೆ ಹೋಗಲು ಎಷ್ಟು ಕಾಲ ಹಿಡಿಯುತ್ತದೆ, ವೀಸಾ ಎಲ್ಲಿ ಅಡ್ಡ ಬರುತ್ತದೆ, ಆ ಬದುಕು ದಿನನಿತ್ಯ ಹೇಗಿರುತ್ತದೆ, ನಾಳೆ ಊರಿಗೆ ಮರಳಿದರೆ ಇದೆಲ್ಲ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಟೆಕ್ಸಸ್‌ನಲ್ಲಿ ಇದೇ ದಾರಿಯಲ್ಲಿ ನಡೆದು ಇದೇ ಹುದ್ದೆಯಲ್ಲಿರುವವಳಾದ್ದರಿಂದ, ತಿಳಿದಷ್ಟನ್ನು ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡುವುದು ಒಳ್ಳೆಯದು. ಈ ಕ್ಷೇತ್ರದಲ್ಲಿ ಕ್ಲಿನಿಕಲ್ ಡೈರೆಕ್ಟರ್ ಹುದ್ದೆ ಸಿಗುವುದು ಕಷ್ಟವಲ್ಲ. ನೀವು ಎಣಿಸಿದ್ದಕ್ಕಿಂತ ಬೇಗ, ಬಹುಶಃ ನೀವು ಅದಕ್ಕೆ ಸಿದ್ಧರಾಗುವ ಮೊದಲೇ, ಯಾರಾದರೂ ಅದನ್ನು ನಿಮ್ಮ ಮುಂದೆ ತಂದಿಡುತ್ತಾರೆ. ಆಗ ಸದ್ಯಕ್ಕೆ ಬೇಡವೆನ್ನುವ ಧೈರ್ಯ, ಒಪ್ಪಿಕೊಂಡ ಮೇಲೆ ಸಂಸ್ಥೆಯ ಮಾಲೀಕರಿಗೆ ಇದು ಆಗದು ಎನ್ನುವ ಅಧಿಕಾರ, ಇವೆರಡನ್ನು ಗಳಿಸಿಕೊಳ್ಳುವುದೇ ನಿಜವಾಗಿ ಕಷ್ಟದ ಕೆಲಸ.

ಹೀಗಾಗಿರುವುದಕ್ಕೆ ಕಾರಣವಿದೆ. ಆಟಿಸಂ ಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡಬೇಕೆಂಬ ಕಾನೂನು 2001ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಆರಂಭವಾಗಿ, 2007ರಲ್ಲಿ ಟೆಕ್ಸಸ್‌ಗೆ ಬಂದು, 2019ರ ಹೊತ್ತಿಗೆ ಐವತ್ತೂ ರಾಜ್ಯಗಳನ್ನು ತಲುಪಿತು. ಕಡಿಮೆ ಆದಾಯದ ಕುಟುಂಬಗಳ ಮೆಡಿಕೈಡ್ ಯೋಜನೆ ಟೆಕ್ಸಸ್‌ನಲ್ಲಿ ಎಬಿಎಗೆ ಹಣ ಕೊಡಲು ಶುರುಮಾಡಿದ್ದು 2022ರ ಫೆಬ್ರುವರಿಯಿಂದ. ಇಲ್ಲಿನ ರೋಗ ನಿಯಂತ್ರಣ ಕೇಂದ್ರ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಮೀಕ್ಷೆ ನಡೆದ ಪ್ರದೇಶಗಳ ಎಂಟು ವರ್ಷದ ಮಕ್ಕಳಲ್ಲಿ 31ಕ್ಕೆ ಒಬ್ಬರನ್ನು ಆಟಿಸಂ ಇರುವವರೆಂದು ಗುರುತಿಸಲಾಗಿದೆ. ಇಷ್ಟು ಬೇಡಿಕೆ, ಜೊತೆಗೆ ಹಣದ ಖಾತರಿ ಬಂದಾಗ ಕೇಂದ್ರಗಳು ಮೂಲೆಮೂಲೆಗೂ ತೆರೆದುಕೊಂಡವು. ಆದರೆ ಅನುಭವಸ್ಥರನ್ನು ಹಾಗೆ ದಿಢೀರನೆ ತಯಾರಿಸಲು ಬರುವುದಿಲ್ಲವಷ್ಟೆ. ಇಂದು ಬಿಸಿಬಿಎ ಪ್ರಮಾಣಪತ್ರ ಇರುವ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ದೊಡ್ಡ ಪಾಲು ಇತ್ತೀಚಿನ ವರ್ಷಗಳಲ್ಲಿ ಪಡೆದವರದು. ಆದ್ದರಿಂದಲೇ ಪರೀಕ್ಷೆ ಪಾಸಾಗಿ ಒಂದೆರಡು ವರ್ಷ ಕಳೆದಿರುವವರಿಗೂ ಡೈರೆಕ್ಟರ್ ಎಂಬ ಫಲಕ ಸಿಗುತ್ತಿದೆ.

ಈಗ ಮೆಟ್ಟಿಲುಗಳ ವಿಚಾರ. ಪ್ರಮಾಣಪತ್ರ ಕೊಡುವುದು 1998ರಲ್ಲಿ ಸ್ಥಾಪನೆಯಾದ ಬಿಎಸಿಬಿ ಎಂಬ ಮಂಡಳಿ. ಕೆಳಗಿನ ಮೆಟ್ಟಿಲು ಆರ್‌ಬಿಟಿ: ಹೈಸ್ಕೂಲು ಮುಗಿಸಿದ, ಹದಿನೆಂಟು ತುಂಬಿದ ಯಾರಾದರೂ 40 ಗಂಟೆಯ ತರಬೇತಿ ಪಡೆದು, ಕೌಶಲದ ಮೌಲ್ಯಮಾಪನ ಮತ್ತು ಪರೀಕ್ಷೆ ಮುಗಿಸಿ ಮಗುವಿನೊಂದಿಗೆ ನೇರವಾಗಿ ಕೆಲಸ ಮಾಡಬಹುದು. ಅವರು ತಿಂಗಳಲ್ಲಿ ಕೊಡುವ ಸೇವೆಯ ಗಂಟೆಗಳಲ್ಲಿ ಶೇ. 5ರಷ್ಟಾದರೂ ಮೇಲ್ವಿಚಾರಣೆಯಲ್ಲಿರಬೇಕು. ಮೇಲಿನ ಮೆಟ್ಟಿಲು ಬಿಸಿಬಿಎ. ಅದಕ್ಕೆ ಸ್ನಾತಕೋತ್ತರ ಪದವಿ, ನಿಗದಿತ ಪಠ್ಯವಿಷಯಗಳು, 2000 ಗಂಟೆಗಳ ಮೇಲ್ವಿಚಾರಣೆಯ ಅನುಭವ ಹಾಗೂ ಪರೀಕ್ಷೆ ಬೇಕು. ಮೇಲ್ವಿಚಾರಣೆ ಹೆಚ್ಚು ದಟ್ಟವಾಗಿದ್ದರೆ 1500 ಗಂಟೆ ಸಾಕು. ಈ ಗಂಟೆಗಳಲ್ಲಿ ಶೇ. 60ರಷ್ಟು ಮಗುವಿನೊಂದಿಗಿನ ನೇರ ಕೆಲಸವಲ್ಲದ ಚಟುವಟಿಕೆಗಳು, ಅಂದರೆ ಮೌಲ್ಯಮಾಪನ, ದತ್ತಾಂಶದ ವಿಶ್ಲೇಷಣೆ, ಯೋಜನೆ ಬರೆಯುವುದು, ಇತರರಿಗೆ ಕಲಿಸುವುದು ಇರಬೇಕೆಂಬ ನಿಯಮವನ್ನು ಮೊದಲೇ ನೆನಪಿಟ್ಟುಕೊಳ್ಳಿ; ಎಷ್ಟೋ ಮಂದಿ ಆರ್‌ಬಿಟಿ ಕೆಲಸದ ಗಂಟೆಗಳನ್ನೇ ರಾಶಿ ಹಾಕಿಕೊಂಡು, ಉಳಿದದ್ದಕ್ಕಾಗಿ ತಿಂಗಳುಗಟ್ಟಲೆ ಪರದಾಡುತ್ತಾರೆ. ತಿಂಗಳಿಗೆ ಇಂತಿಷ್ಟೇ ಗಂಟೆ ಎಂಬ ಮಿತಿಯೂ ಇರುವುದರಿಂದ, ಸಂಸಾರ ನಡೆಸಿಕೊಂಡು ಇದನ್ನು ಮಾಡುವವರಿಗೆ ಎರಡು ವರ್ಷ ಹಿಡಿಯುವುದು ಸಹಜ. ಪರೀಕ್ಷೆ ನಾಲ್ಕು ಗಂಟೆಯದು, 185 ಪ್ರಶ್ನೆಗಳು. ಮೊದಲ ಸಲಕ್ಕೆ ಪಾಸಾಗುವವರು ಇತ್ತೀಚಿನ ವರ್ಷಗಳಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅದಾದ ಮೇಲೆ ಟೆಕ್ಸಸ್ ರಾಜ್ಯದ ಪರವಾನಗಿ. 2018ರ ಸೆಪ್ಟೆಂಬರ್ 1ರಿಂದ ಅದಿಲ್ಲದೆ ಇಲ್ಲಿ ಈ ವೃತ್ತಿ ನಡೆಸುವಂತಿಲ್ಲ.

ನಿಮ್ಮ ಎಂ.ಎಸ್ಸಿ.ಯನ್ನು ಇಲ್ಲಿನ ಪದವಿಗೆ ಸಮಾನವೆಂದು ಅಧಿಕೃತ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿದರೆ, ಪದವಿ ಬೇರೆ, ಪಠ್ಯವಿಷಯಗಳು ಬೇರೆ ಎಂದು ಎರಡನ್ನೂ ಸೇರಿಸಿ ಅರ್ಜಿ ಹಾಕುವ ಮಾರ್ಗವೂ ಇದೆ. ಆದರೂ ಮಾನ್ಯತೆ ಪಡೆದ ಪೂರ್ಣ ಸ್ನಾತಕೋತ್ತರ ಕೋರ್ಸನ್ನೇ ಇಲ್ಲಿ ಮಾಡುವುದು ವಾಸಿ ಎಂಬುದು ನನ್ನ ಸಲಹೆ. ಫ್ರಿಸ್ಕೋಗೆ ಹತ್ತಿರದ ಡೆಂಟನ್‌ನಲ್ಲಿರುವ ಉತ್ತರ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ವರ್ತನಾ ವಿಶ್ಲೇಷಣೆಗೇ ಒಂದು ಪ್ರತ್ಯೇಕ ವಿಭಾಗವಿದೆ. ಮನಃಶಾಸ್ತ್ರದ ಅಥವಾ ಶಿಕ್ಷಣ ವಿಭಾಗದ ಮೂಲೆಯಲ್ಲಿ ನಾಲ್ಕು ಪತ್ರಿಕೆಗಳಾಗಿ ಕಲಿಸುವುದಕ್ಕೂ, ಅದನ್ನೇ ಉಸಿರಾಡುವ ವಿಭಾಗದಲ್ಲಿ ಕಲಿಯುವುದಕ್ಕೂ ಇರುವ ವ್ಯತ್ಯಾಸ ಮುಂದೆ ನೀವು ಇತರರಿಗೆ ಕಲಿಸಬೇಕಾಗಿ ಬಂದಾಗ ಗೊತ್ತಾಗುತ್ತದೆ. ಆನ್‌ಲೈನ್ ಕೋರ್ಸುಗಳು ಹೇರಳವಾಗಿವೆ, ಅಗ್ಗವೂ ಹೌದು. ಆಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೊದಲ ಪ್ರಯತ್ನದಲ್ಲಿ ಎಷ್ಟು ಮಂದಿ ಪಾಸಾದರೆಂಬ ಅಂಕಿಅಂಶವನ್ನು ಮಂಡಳಿಯೇ ಪ್ರಕಟಿಸುತ್ತದೆ, ಶುಲ್ಕ ಕಟ್ಟುವ ಮೊದಲು ಅದನ್ನು ನೋಡಿ.

ವೀಸಾ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಮ್ಮವರು ಹೆಚ್ಚು ಎಡವುವುದು ಇಲ್ಲಿ. ಎಚ್-4ರಲ್ಲಿ ಓದಬಹುದು, ಕೆಲಸ ಮಾಡುವಂತಿಲ್ಲ. 2015ರ ಮೇ ತಿಂಗಳಿಂದ ಎಚ್-4ರವರಲ್ಲಿ ಕೆಲವರಿಗೆ ಇಎಡಿ ಎಂಬ ಕೆಲಸದ ಅನುಮತಿ ಸಿಗುತ್ತಿದೆ. ಅದಕ್ಕೆ ಸಾಮಾನ್ಯವಾಗಿ ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಎಂಬ ಅರ್ಜಿ ಅಂಗೀಕಾರವಾಗಿರಬೇಕು. ನಿಮ್ಮ ಪತಿ ಈಗಷ್ಟೇ ಬಂದವರಾದ್ದರಿಂದ ಅದು ಇನ್ನೂ ದೂರವಿರಬಹುದು. ಹಾಗೆಂದು ಸಂಬಳವಿಲ್ಲದೆ ಸ್ವಯಂಸೇವಕಿಯಾಗಿ ಕ್ಲಿನಿಕ್‌ನಲ್ಲಿ ಗಂಟೆ ಕೂಡಿಸುತ್ತೇನೆ ಎಂದು ಯಾರಾದರೂ ಹೇಳಿಕೊಟ್ಟರೆ ಕಿವಿಗೊಡಬೇಡಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಬಿಟ್ಟಿಯಾಗಿ ಮಾಡಿದರೂ ವಲಸೆ ಕಾನೂನಿನ ಕಣ್ಣಿನಲ್ಲಿ ಅದು ಅನಧಿಕೃತ ಉದ್ಯೋಗವೆನಿಸುವ ಅಪಾಯವಿದೆ, ಅದು ನಿಮ್ಮ ಗ್ರೀನ್ ಕಾರ್ಡಿನವರೆಗೂ ಬೆನ್ನು ಹತ್ತುತ್ತದೆ. ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಂಡರೆ, ಕೋರ್ಸಿನ ಭಾಗವಾಗಿ ಸಿಪಿಟಿ ಎಂಬ ಅನುಮತಿಯಲ್ಲಿ ಈ ಗಂಟೆಗಳನ್ನು ಮಾಡಬಹುದು. ಆದರೆ ಪೂರ್ಣಾವಧಿ ಸಿಪಿಟಿ ಹನ್ನೆರಡು ತಿಂಗಳು ಮುಟ್ಟಿದರೆ ಓದು ಮುಗಿದ ನಂತರ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿಯ ಹಕ್ಕು ಹೋಗುತ್ತದೆ. ಒಪಿಟಿ ಒಂದು ವರ್ಷದ್ದು. ಅದರ ಮೇಲೆ ಎರಡು ವರ್ಷದ ವಿಸ್ತರಣೆ ಸಿಗುವುದು ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿರುವ ಪದವಿಗಳಿಗೆ ಮಾತ್ರ. ಆದ್ದರಿಂದ ಪ್ರವೇಶಕ್ಕೆ ಮುಂಚೆಯೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಬರೆದು, ವಿದ್ಯಾರ್ಥಿ ವೀಸಾಗಾಗಿ ಅವರು ಕೊಡುವ ಐ-20 ಪತ್ರದ ಮೇಲೆ ನಿಮ್ಮ ಕೋರ್ಸಿಗೆ ಯಾವ ಸಂಕೇತಸಂಖ್ಯೆ ನಮೂದಾಗುತ್ತದೆ, ಅದು ಸ್ಟೆಮ್ ಪಟ್ಟಿಯಲ್ಲಿದೆಯೇ ಎಂದು ಲಿಖಿತವಾಗಿ ಉತ್ತರ ಪಡೆಯಿರಿ.

ಇಎಡಿ ಸಿಕ್ಕವರಿಗೂ ನೆಮ್ಮದಿ ಪೂರ್ತಿಯಲ್ಲ. ನವೀಕರಣದ ಅರ್ಜಿ ಹಾಕಿದ್ದರೆ ಹಳೆಯ ಅನುಮತಿ ತಾನಾಗಿ ಮುಂದುವರಿಯುತ್ತಿದ್ದ ವ್ಯವಸ್ಥೆಯನ್ನು 2025ರ ಅಕ್ಟೋಬರ್ 30ರಿಂದ ತೆಗೆದುಹಾಕಿದ್ದಾರೆ. ಸಾಫ್ಟ್‌ವೇರ್ ಕೆಲಸದಲ್ಲಿ ಎರಡು ತಿಂಗಳ ಬಿಡುವು ಬಂದರೆ ಯೋಜನೆಯೊಂದು ತಡವಾಗುತ್ತದೆ, ಅಷ್ಟೆ. ನಮ್ಮ ಕೆಲಸದಲ್ಲಿ ನಿಮ್ಮ ಮುಖ ಕಂಡರಷ್ಟೇ ಊಟಕ್ಕೆ ಕೂರುವ ಮಗುವಿನ ದಿನಚರಿಯೇ ಅಲ್ಲೋಲಕಲ್ಲೋಲವಾಗುತ್ತದೆ. ಅನುಮತಿ ಮುಗಿಯುವ ದಿನಾಂಕವನ್ನು ಕ್ಲಿನಿಕ್‌ಗೆ ಮುಚ್ಚಿಡದೆ ಮೊದಲೇ ತಿಳಿಸಿ, ಕೇಸುಗಳನ್ನು ವರ್ಗಾಯಿಸುವ ಯೋಜನೆ ಬರೆದಿಡಿ. ಹಾಗೆ ನಡುವೆ ಕೈಬಿಡದೆ ನೋಡಿಕೊಳ್ಳುವುದು ನಮ್ಮ ನೀತಿಸಂಹಿತೆಯ ಕರ್ತವ್ಯವೂ ಹೌದು.

ಸ್ನಾತಕೋತ್ತರ ಪದವಿ ಇರುವ ನಾನು ಹೈಸ್ಕೂಲು ಮುಗಿಸಿದವರ ಆರ್‌ಬಿಟಿ ಕೆಲಸ ಮಾಡಬೇಕೇ ಎಂಬ ಅಸಮಾಧಾನ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣಿಸಿತು. ಮಾಡಬೇಕು, ಅದೂ ಮನಸ್ಸಿಟ್ಟು, ಸಾಧ್ಯವಾದರೆ ಎರಡು ಬೇರೆ ಬೇರೆ ಸಂಸ್ಥೆಗಳಲ್ಲಿ. ಈ ಕೆಲಸದಲ್ಲಿ ನೆಲದ ಮೇಲೆ ಕೂರಬೇಕು, ಡಯಾಪರ್ ಬದಲಾಯಿಸಬೇಕು, ಕಚ್ಚಿಸಿಕೊಂಡಾಗ ಮುಖಭಾವ ಬದಲಿಸದೆ ಇರುವುದನ್ನು ಕಲಿಯಬೇಕು, ಟೆಕ್ಸಸ್‌ನ ಆಗಸ್ಟ್ ಬಿಸಿಲಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕಾರು ಓಡಿಸಿಕೊಂಡು ಹೋಗಿ, ಬಾಗಿಲಲ್ಲಿ ನಿಂತಾಗ ಇವತ್ತು ಮಗುವಿಗೆ ಜ್ವರ, ಸೆಷನ್ ಬೇಡ ಎಂಬ ಮಾತು ಕೇಳಿ ಹಿಂತಿರುಗಬೇಕು. ಹಲವು ಕಡೆ ಹಾಗೆ ರದ್ದಾದ ಗಂಟೆಗೆ ಸಂಬಳವಿಲ್ಲ. ಗಂಟೆಗೆ ಇಪ್ಪತ್ತರ ಆಸುಪಾಸಿನ ಡಾಲರ್ ಎಂದು ಜಾಹೀರಾತಿನಲ್ಲಿ ಕಂಡದ್ದು ತಿಂಗಳ ಕೊನೆಗೆ ಎಷ್ಟಾಗಿ ಕೈಗೆ ಬರುತ್ತದೆಂಬುದನ್ನು ಸ್ವತಃ ಅನುಭವಿಸಿದವರು, ಮುಂದೆ ತಮ್ಮ ಕೈಕೆಳಗಿನ ಆರ್‌ಬಿಟಿ ಒಬ್ಬಳು ದಿಢೀರನೆ ಕೆಲಸ ಬಿಟ್ಟಾಗ ಈಗಿನ ಹುಡುಗಿಯರಿಗೆ ಬದ್ಧತೆ ಇಲ್ಲವೆಂದು ಗೊಣಗುವುದಿಲ್ಲ.

ಬಿಸಿಬಿಎ ಆದ ಮೇಲಿನ ಮೊದಲ ಮೂರು ನಾಲ್ಕು ವರ್ಷ ಕೇಸುಗಳನ್ನು ನೋಡುವುದಕ್ಕೆ, ಬೇರೆಯವರನ್ನು ತಯಾರು ಮಾಡುವುದನ್ನು ಕಲಿಯುವುದಕ್ಕೆ ಮೀಸಲಿಡಿ. ಇಲ್ಲಿ ನಿಮ್ಮ ವಾರವನ್ನು ಅಳೆಯುವುದು ಬಿಲ್ ಮಾಡಬಹುದಾದ ಗಂಟೆಗಳಿಂದ. ವಾರಕ್ಕೆ 25ರಿಂದ 30 ಎಂಬ ಗುರಿ ಸಾಮಾನ್ಯ. ಬರವಣಿಗೆ, ಫೋನು, ಶಾಲೆಯವರ ಜೊತೆ ಮಾತು ಇವೆಲ್ಲ ಅದರ ಹೊರಗೆ ಉಳಿಯುತ್ತವೆ. ವಿವಿಧ ವಯಸ್ಸಿನ ಮಕ್ಕಳನ್ನು, ಮಾತಿಲ್ಲದವರನ್ನು, ತಮಗೆ ತಾವೇ ಹೊಡೆದುಕೊಳ್ಳುವವರನ್ನು, ಕೆಲವೇ ತಿಂಗಳಲ್ಲಿ ಸೇವೆ ಮುಗಿಸಿ ಶಾಲೆಗೆ ಹೋದವರನ್ನು ನೋಡಿರದವರು ಇನ್ನೊಬ್ಬರ ಚಿಕಿತ್ಸಾ ಯೋಜನೆ ತಿದ್ದಲು ಕುಳಿತರೆ ತಿದ್ದುವುದು ವ್ಯಾಕರಣವನ್ನೇ ಹೊರತು ಚಿಕಿತ್ಸೆಯನ್ನಲ್ಲ.

ಇನ್ನು ಡೈರೆಕ್ಟರ್ ಕೆಲಸದ ಒಳಗಿನ ಮಾತು. ವಿಮೆಯವರಿಗೆ ಎಬಿಎ ಎಂದರೆ ಹದಿನೈದು ನಿಮಿಷಗಳ ತುಂಡುಗಳು. 2019ರಿಂದ ಬಳಕೆಯಲ್ಲಿರುವ ಸಂಕೇತಗಳಲ್ಲಿ 97151 ಮೌಲ್ಯಮಾಪನಕ್ಕೆ, 97153 ಆರ್‌ಬಿಟಿ ಮಗುವಿನೊಂದಿಗೆ ಮಾಡುವ ಕೆಲಸಕ್ಕೆ, 97155 ಬಿಸಿಬಿಎ ಯೋಜನೆಯನ್ನು ಪರಿಷ್ಕರಿಸುವುದಕ್ಕೆ, 97156 ಪೋಷಕರಿಗೆ ಮಾರ್ಗದರ್ಶನ ಮಾಡುವುದಕ್ಕೆ. ಈ ನಾಲ್ಕು ಸಂಖ್ಯೆಗಳ ಅನುಪಾತವನ್ನು ನೋಡಿದರೆ ಒಂದು ಕ್ಲಿನಿಕ್‌ನ ಜಾತಕ ತಿಳಿಯುತ್ತದೆ. 97153 ಬೆಟ್ಟದಷ್ಟಿದ್ದು 97155 ಸಾಸಿವೆಯಷ್ಟಿದ್ದರೆ ಅಲ್ಲಿ ಗಂಟೆ ಮಾರಾಟವಾಗುತ್ತಿದೆ, ಯೋಚನೆ ನಡೆಯುತ್ತಿಲ್ಲ. ಹತ್ತು ಗಂಟೆಯ ನೇರ ಸೇವೆಗೆ ಒಂದರಿಂದ ಎರಡು ಗಂಟೆಯ ಮೇಲ್ವಿಚಾರಣೆ ಎಂಬುದು ವೃತ್ತಿಯ ಮಾರ್ಗಸೂಚಿ ಒಪ್ಪಿದ ಸಾಮಾನ್ಯ ಅಳತೆ. 97156 ಇಲ್ಲವೇ ಇಲ್ಲವೆಂದರೆ ತಾಯಿ ತಂದೆಯನ್ನು ಹೊರಗಿನ ಕುರ್ಚಿಯಲ್ಲೇ ಕೂರಿಸಿದ್ದಾರೆಂದು ಅರ್ಥ.

ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ವಿಮೆಯವರಿಂದ ಮರು ಅನುಮತಿ ಪಡೆಯಬೇಕು; ಅವರ ಪರಿಶೀಲಕರು ಕರೆ ಮಾಡಿ ವಾರಕ್ಕೆ 30 ಗಂಟೆ ಏಕೆ, 15 ಏಕೆ ಸಾಲದು ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಆ ಮಗುವಿನ ದತ್ತಾಂಶದಲ್ಲಿರಬೇಕು. ಕಷ್ಟವೆಂದರೆ, ಇದೇ ಪ್ರಶ್ನೆಯನ್ನು ವಿಮೆಯವರು ಕೇಳುವ ಮೊದಲು ಡೈರೆಕ್ಟರ್ ಆದವಳು ತನ್ನ ಸಂಸ್ಥೆಯನ್ನೇ ಕೇಳಬೇಕು. ಈ ಮಗುವಿಗೆ 12 ಗಂಟೆ ಸಾಕು, ಆ ಮಗು ಬೇಸಿಗೆಯ ಹೊತ್ತಿಗೆ ಸೇವೆಯಿಂದ ಹೊರಗೆ ಹೋಗಬಹುದು ಎಂದು ಬರೆದಾಗ ಸಂಸ್ಥೆಯ ವರಮಾನ ಇಳಿಯುತ್ತದೆ. ಹಾಗೆ ಬರೆದ ಮರುದಿನವೂ ನಿಮ್ಮ ಕೆಲಸ ಉಳಿಯುತ್ತದೆಯೇ ಎಂಬುದೇ ಒಂದು ಕ್ಲಿನಿಕ್ ಬಗ್ಗೆ ನೀವು ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ. ಹುದ್ದೆಯ ಸಂದರ್ಶನದಲ್ಲಿ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಅವರನ್ನು ಕೇಳಿ: ಒಬ್ಬ ಬಿಸಿಬಿಎಗೆ ಎಷ್ಟು ಕೇಸು, ಮಗುವಿನ ಗಂಟೆಗಳನ್ನು ಕೊನೆಯಲ್ಲಿ ನಿರ್ಧರಿಸುವವರು ಯಾರು, ಡೈರೆಕ್ಟರ್‌ಗೆ ಕೊಡುವ ಬೋನಸ್ ಬಿಲ್ಲಾದ ಗಂಟೆಗೆ ಕಟ್ಟಿದ್ದೋ ಇಲ್ಲವೋ, ನಿಮಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಏಕೆ ಹೋದರು, ಹೊಸ ಮಗುವನ್ನು ಈಗ ಸೇರಿಸಿಕೊಳ್ಳಲಾಗದು ಎನ್ನುವ ಅಧಿಕಾರ ನಿಮಗಿದೆಯೇ. ಉತ್ತರ ತಡವರಿಸಿದರೆ ಆ ಹುದ್ದೆಯ ಹೆಸರಿಗೆ ಮರುಳಾಗಬೇಡಿ.

ಇದು ಬರೀ ಆದರ್ಶದ ಮಾತೆಂದು ಅಂದುಕೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯ ಮಹಾನಿರೀಕ್ಷಕರ ಕಚೇರಿ, ಇಂಡಿಯಾನಾದ ಮೆಡಿಕೈಡ್ 2019 ಮತ್ತು 2020ರಲ್ಲಿ ಎಬಿಎಗಾಗಿ ಮಾಡಿದ ಪಾವತಿಗಳಲ್ಲಿ ಕನಿಷ್ಠ 5 ಕೋಟಿ 60 ಲಕ್ಷ ಡಾಲರ್ ನಿಯಮಬಾಹಿರವೆಂದು ವರದಿ ಮಾಡಿತು. ಸೆಷನ್ ಟಿಪ್ಪಣಿಗಳು ಬಿಲ್ಲಿಗೆ ಆಧಾರವಾಗದಿರುವುದೂ ಅದರಲ್ಲಿ ಎದ್ದು ಕಂಡ ದೋಷ. ಹೂಡಿಕೆ ಸಂಸ್ಥೆಗಳು ಈ ಕ್ಷೇತ್ರಕ್ಕೆ ಬಂದ ಮೇಲಿನ ಕಥೆಗೂ ಒಂದು ದೊಡ್ಡ ಉದಾಹರಣೆಯಿದೆ: 1990ರಲ್ಲಿ ಆರಂಭವಾಗಿ ದೇಶದಲ್ಲೇ ದೊಡ್ಡದೆನಿಸಿದ ಕಾರ್ಡ್ ಎಂಬ ಸಂಸ್ಥೆಯನ್ನು 2018ರಲ್ಲಿ ಬ್ಲ್ಯಾಕ್‌ಸ್ಟೋನ್ ಕೊಂಡುಕೊಂಡಿತು, 2023ರ ಜೂನ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು, ಆಮೇಲೆ ಅದರ ಸ್ಥಾಪಕಿಯೇ ಉಳಿದದ್ದನ್ನು ಮರಳಿ ಕೊಂಡರು. ಕೇಂದ್ರ ಮುಚ್ಚಿದ ಊರುಗಳಲ್ಲಿ ಪೋಷಕರಿಗೆ ಅದನ್ನು ಹೇಳಬೇಕಾದವರು ಕ್ಲಿನಿಕಲ್ ವಿಭಾಗದವರೇ, ಹೂಡಿಕೆದಾರರಲ್ಲ.

ಸಿಬ್ಬಂದಿಯನ್ನು ನಡೆಸುವ ಕಲೆಗೆ ನಮ್ಮದೇ ವಿಜ್ಞಾನ ಸಾಕು, ಬೇರೆ ಮ್ಯಾನೇಜ್‌ಮೆಂಟ್ ಪುಸ್ತಕ ಬೇಕಾಗಿಲ್ಲ. ಒಬ್ಬ ಆರ್‌ಬಿಟಿ ಯೋಜನೆಯಂತೆ ಕೆಲಸ ಮಾಡುತ್ತಿಲ್ಲವೆಂದರೆ ಅವಳನ್ನು ಸೋಮಾರಿ ಎನ್ನುವ ಮೊದಲು ಅವಳ ಸುತ್ತಲಿನ ಪರಿಸರವನ್ನು ಪರೀಕ್ಷಿಸಬೇಕು. ಪಿಡಿಸಿ-ಎಚ್‌ಎಸ್ ಎಂಬ ಪ್ರಶ್ನಾವಳಿ ಇದಕ್ಕೆಂದೇ ಇದೆ: ತರಬೇತಿ ಸಿಕ್ಕಿದೆಯೇ, ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳಲಾಗಿದೆಯೇ, ಸಾಮಗ್ರಿ ಕೈಗೆ ಸಿಗುವಂತಿದೆಯೇ, ಸರಿಯಾಗಿ ಮಾಡಿದಾಗ ಯಾರಾದರೂ ಗಮನಿಸುತ್ತಾರೆಯೇ ಎಂದು ಅದು ಕ್ರಮವಾಗಿ ಕೇಳುತ್ತದೆ. ಕಲಿಸುವಾಗ ಹೇಳುವುದು, ಮಾಡಿ ತೋರಿಸುವುದು, ಮಾಡಿಸುವುದು, ತಿದ್ದುವುದು ಎಂಬ ನಾಲ್ಕು ಹೆಜ್ಜೆಗಳು. ಭಾರತದಿಂದ ಬಂದ ನಾವು ಮೊದಲನೆಯದನ್ನು ಧಾರಾಳವಾಗಿ ಮಾಡುತ್ತೇವೆ, ಮೂರನೆಯದನ್ನು ಮರೆಯುತ್ತೇವೆ, ನಾಲ್ಕನೆಯದಕ್ಕೆ ಅಂಜುತ್ತೇವೆ. ಇಪ್ಪತ್ತು ವರ್ಷದ ಹುಡುಗಿ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾಳೆ, ಸಭೆಯಲ್ಲಿ ನಿಮ್ಮ ಯೋಜನೆ ಕೆಲಸ ಮಾಡುತ್ತಿಲ್ಲವೆಂದು ನೇರವಾಗಿ ಹೇಳುತ್ತಾಳೆ. ಅದನ್ನು ಅಗೌರವವೆಂದು ತಿಳಿದು ಮುಖ ಬಿಗಿದುಕೊಂಡರೆ ಮುಂದಿನ ಸಲ ಅವಳು ಹೇಳುವುದಿಲ್ಲ, ಆಗ ನಷ್ಟವಾಗುವುದು ಮಗುವಿಗೆ. ಹಾಗೆಯೇ ನೀವೂ ಮೇಲಿನವರ ಮುಂದೆ ನೋಡೋಣ, ಮಾಡೋಣ ಎಂದು ತೇಲಿಸುವುದನ್ನು ಬಿಡಬೇಕಾಗುತ್ತದೆ. ಇಲ್ಲಿ ಅದನ್ನು ಒಪ್ಪಿಗೆಯೆಂದೇ ಬರೆದುಕೊಳ್ಳುತ್ತಾರೆ.

ಎಬಿಎ ಬಗ್ಗೆ ಅಂತರ್ಜಾಲದಲ್ಲಿ ಕಟುವಾದ ಮಾತುಗಳನ್ನು ಓದಿ ಗಾಬರಿಯಾಯಿತೆಂದು ಬರೆದಿದ್ದೀರಿ. ಗಾಬರಿ ಬೇಡ, ಆದರೆ ಆ ಮಾತುಗಳನ್ನು ಪಕ್ಕಕ್ಕೆ ತಳ್ಳಲೂ ಬೇಡಿ. 1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಎಂಬ ಮನಃಶಾಸ್ತ್ರಜ್ಞರು ಬರೆದ ಲೇಖನ ಈ ಕ್ಷೇತ್ರಕ್ಕೆ ಬುನಾದಿ ಹಾಕಿತು. ಬದಲಾಯಿಸುವ ವರ್ತನೆ ಆ ವ್ಯಕ್ತಿಗೆ, ಸಮಾಜಕ್ಕೆ ಮುಖ್ಯವಾಗಿರಬೇಕೆಂಬುದನ್ನು ಅವರೇ ಮುಂದಿಟ್ಟರು. 1987ರಲ್ಲಿ ಮನಃಶಾಸ್ತ್ರಜ್ಞ ಲೊವಾಸ್ ಅವರು ವಾರಕ್ಕೆ 40 ಗಂಟೆ ಚಿಕಿತ್ಸೆ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಗೆ ಹೋಗುವಂತಾದರೆಂದು ವರದಿ ಮಾಡಿದ್ದರಿಂದಲೇ ಪೋಷಕರ ಚಳವಳಿ, ಕಾನೂನು, ವಿಮೆ ಎಲ್ಲ ಬಂದವು. ಅದೇ ಲೊವಾಸ್ ಅವರ ಆರಂಭದ ಕೆಲಸದಲ್ಲಿ ಹೊಡೆತವೂ ವಿದ್ಯುತ್ ಆಘಾತವೂ ಇದ್ದವೆಂಬುದೂ ಚರಿತ್ರೆ. ಮ್ಯಾಸಚೂಸೆಟ್ಸ್‌ನ ಒಂದು ವಸತಿ ಕೇಂದ್ರದಲ್ಲಿ ಬಳಸುತ್ತಿದ್ದ ಆಘಾತದ ಸಾಧನವನ್ನು ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ನಿಷೇಧಿಸಿದರೆ, ಮರುವರ್ಷ ನ್ಯಾಯಾಲಯ ಆ ನಿಷೇಧವನ್ನು ರದ್ದುಮಾಡಿತು. ನಮ್ಮ ವೃತ್ತಿಯ ದೊಡ್ಡ ಸಂಘ ಅದರ ವಿರುದ್ಧ ಸ್ಪಷ್ಟ ನಿಲುವು ತೆಗೆದುಕೊಂಡದ್ದು 2022ರಲ್ಲಿ. ಇಷ್ಟು ತಡವಾದದ್ದನ್ನು ನಾನು ಸಮರ್ಥಿಸಲಾರೆ. ಬಾಲ್ಯದಲ್ಲಿ ಈ ಚಿಕಿತ್ಸೆ ಪಡೆದು ಬೆಳೆದ ಆಟಿಸಂ ಇರುವ ವಯಸ್ಕರು, ತಮಗೆ ಕಲಿಸಿದ್ದು ತಮ್ಮತನವನ್ನು ಮುಚ್ಚಿಟ್ಟುಕೊಂಡು ವಿಧೇಯರಾಗಿರುವುದನ್ನು ಎನ್ನುತ್ತಾರೆ. ಕೈ ಅಲ್ಲಾಡಿಸುವುದನ್ನು ನಿಲ್ಲಿಸುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಎಂಬ ಗುರಿಗಳು ಇಂದಿಗೂ ಯೋಜನೆಗಳಲ್ಲಿ ನುಸುಳುತ್ತವೆ. ಡೈರೆಕ್ಟರ್ ಆದವಳು ಅವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮಾತು ಬಾರದ ಮಗು ಮುಖ ತಿರುಗಿಸಿದರೂ ಅದನ್ನು ಬೇಡವೆಂಬ ಉತ್ತರವಾಗಿ ಓದುವುದನ್ನು ಸಿಬ್ಬಂದಿಗೆ ಕಲಿಸಬೇಕು.

ಇಲ್ಲಿಯೇ ನಮ್ಮ ಹಿನ್ನೆಲೆ ಕೆಲಸಕ್ಕೆ ಬರುತ್ತದೆ. ಚಮಚ ಫೋರ್ಕು ಬಳಸಿ ಊಟ ಮಾಡುವುದು ಎಂದು ಗುರಿ ಬರೆದ ಯೋಜನೆ, ಮನೆಯಲ್ಲಿ ಅನ್ನ ಸಾರನ್ನು ಕೈಯಲ್ಲೇ ಕಲಸಿ ಉಣ್ಣುವ ಮಗುವಿಗೆ ಏಕೆ ಬೇಕು? ಶಾಲೆಯಲ್ಲಿ ಬೇಕಾಗಬಹುದು, ಮನೆಯಲ್ಲಿ ಅಲ್ಲ. ಅದನ್ನು ತಾಯಿಯನ್ನು ಕೇಳಿ ತೀರ್ಮಾನಿಸಬೇಕು. ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಎಂಬ ಉಪದೇಶ ಕೇಳಿ ಬಂದ ಕನ್ನಡದ, ತೆಲುಗಿನ, ಸ್ಪ್ಯಾನಿಷ್‌ನ ಕುಟುಂಬಗಳು ಇಲ್ಲಿ ಎಷ್ಟೋ ಇವೆ. ಎರಡು ಭಾಷೆಯ ವಾತಾವರಣ ಆಟಿಸಂ ಇರುವ ಮಕ್ಕಳ ಭಾಷಾ ಬೆಳವಣಿಗೆಗೆ ಧಕ್ಕೆ ತರುವುದಿಲ್ಲವೆಂದು ಸಂಶೋಧನೆಗಳು ಮತ್ತೆ ಮತ್ತೆ ಹೇಳಿವೆ. ಊರಿನಲ್ಲಿರುವ ಅಜ್ಜಿಯ ಜೊತೆ ವಿಡಿಯೊ ಕರೆಯಲ್ಲಿ ನಾಲ್ಕು ಕನ್ನಡ ಪದ ಆಡುವುದನ್ನು ಚಿಕಿತ್ಸೆಯ ಗುರಿಯಾಗಿ ಬರೆಯಲು ಧೈರ್ಯ ಮಾಡುವ ಡೈರೆಕ್ಟರ್‌ಗಳು ಬೇಕು.

ನಮ್ಮವರ ನಡುವೆ ಕೆಲಸ ಮಾಡುವಾಗಿನ ಇಕ್ಕಟ್ಟುಗಳೂ ಉಂಟು. ನೀತಿಸಂಹಿತೆಯ ಪ್ರಕಾರ ಹತ್ತು ಡಾಲರಿಗಿಂತ ಹೆಚ್ಚಿನ ಬೆಲೆಯ ಉಡುಗೊರೆ ತೆಗೆದುಕೊಳ್ಳುವಂತಿಲ್ಲ, ಕೊಡುವಂತಿಲ್ಲ. ಗೌರಿಹಬ್ಬದ ದಿನ ಬಾಗಿನದ ಜೊತೆ ರೇಷ್ಮೆ ಸೀರೆ ಹಿಡಿದು ನಿಂತ ತಾಯಿಗೆ, ಕುಂಕುಮ ಸಾಕು, ಚಕ್ಕುಲಿ ಎರಡು ಸಾಕು ಎಂದು ಮನಸ್ಸು ನೋಯದಂತೆ ಹೇಳುವುದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಸೇವೆ ಆರಂಭವಾಗುವ ದಿನವೇ ಈ ನಿಯಮವನ್ನು ತಿಳಿಸಿಬಿಟ್ಟರೆ ಮುಜುಗರ ಅರ್ಧ ತಪ್ಪುತ್ತದೆ. ಗೆಳತಿಯ ಮಗುವನ್ನು ನಿಮ್ಮ ಕೇಸಾಗಿ ತೆಗೆದುಕೊಳ್ಳುವಂತಿಲ್ಲ, ಬೇರೆಯವರಿಗೆ ಕಳುಹಿಸಬೇಕು. ರಾಜ್ಯೋತ್ಸವದ ಸಮಾರಂಭದಲ್ಲಿ ನಿಮ್ಮ ಕ್ಲಿನಿಕ್‌ಗೆ ಬರುವ ಕುಟುಂಬ ಎದುರಾದರೆ ಅವರು ಮಾತನಾಡಿಸುವವರೆಗೆ ನೀವು ಪರಿಚಯ ತೋರಿಸಬಾರದು. ಆ ಮಗುವಿಗೆ ಆಟಿಸಂ ಇದೆಯೆಂಬುದನ್ನು ಅವರು ಯಾರಿಗೂ ಹೇಳಿರದಿರಬಹುದು. ನಿಮ್ಮನ್ನು ಬಿಂಕದವಳೆಂದು ಕೆಲವರು ಅಂದುಕೊಂಡರೆ ಅಂದುಕೊಳ್ಳಲಿ.

ಹಣದ ವಿಷಯ ಚುಟುಕಾಗಿ: ಈ ಭಾಗದ ಜಾಹೀರಾತುಗಳಲ್ಲಿ ಬಿಸಿಬಿಎಗೆ ವರ್ಷಕ್ಕೆ ಎಪ್ಪತ್ತರಿಂದ ತೊಂಬತ್ತು ಸಾವಿರ ಡಾಲರ್, ಡೈರೆಕ್ಟರ್‌ಗೆ ಅದಕ್ಕಿಂತ ಸ್ವಲ್ಪ ಮೇಲೆ ಎಂಬ ಅಂಕಿಗಳು ಸಾಮಾನ್ಯವಾಗಿ ಕಾಣುತ್ತವೆ. ಸಾಫ್ಟ್‌ವೇರ್ ಪತಿಯ ಸಂಬಳದ ಪಕ್ಕದಲ್ಲಿ ಇಟ್ಟು ನೋಡುವ ನೆಂಟರಿಗೆ ಅದು ಕಡಿಮೆಯೆನಿಸುತ್ತದೆ. ಮನೆಗೆ ಹೋಗಿ ಕೊಡುವ ಸೇವೆ ಶಾಲೆ ಬಿಟ್ಟ ಮೇಲೆ, ಅಂದರೆ ಮಧ್ಯಾಹ್ನ ಮೂರರಿಂದ ರಾತ್ರಿ ಏಳರವರೆಗೆ ಇರುವುದರಿಂದ, ಸ್ವಂತ ಮಕ್ಕಳಿರುವವರು ಕೇಂದ್ರದಲ್ಲೇ ಹಗಲು ನಡೆಯುವ ಕೆಲಸವನ್ನು ಆರಿಸಿಕೊಳ್ಳುವುದು ಅನುಕೂಲ. ಕಾರು ಓಡಿಸುವುದನ್ನು ಈ ತಿಂಗಳೇ ಕಲಿಯಿರಿ. ಅದಿಲ್ಲದೆ ಇಲ್ಲಿ ಈ ವೃತ್ತಿಯಿಲ್ಲ.

ಊರಿಗೆ ಮರಳುವ ಪ್ರಶ್ನೆ ಉಳಿಯಿತು. 2023ರ ಜನವರಿಯಿಂದ ಬಿಎಸಿಬಿ ಭಾರತದಲ್ಲಿ ನೆಲೆಸಿರುವವರ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲ. ಆದ್ದರಿಂದ ಬಿಸಿಬಿಎ ಆಗಬೇಕೆಂದಿದ್ದರೆ ಇಲ್ಲಿರುವಾಗಲೇ ಮುಗಿಸಿಕೊಳ್ಳಿ. ಒಮ್ಮೆ ಪಡೆದದ್ದನ್ನು ಎರಡು ವರ್ಷಕ್ಕೊಮ್ಮೆ 32 ಗಂಟೆಗಳ ಮುಂದುವರಿದ ಶಿಕ್ಷಣದೊಂದಿಗೆ ನವೀಕರಿಸಿಕೊಂಡು ಎಲ್ಲಿದ್ದರೂ ಉಳಿಸಿಕೊಳ್ಳಬಹುದು. ಭಾರತದಲ್ಲಿರುವವರಿಗಾಗಿ ಐಬಿಎಒ, ಕ್ಯೂಎಬಿಎ ಎಂಬ ಬೇರೆ ಪ್ರಮಾಣೀಕರಣ ಸಂಸ್ಥೆಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಪಟ್ಟಿಯಲ್ಲಿ ಸೇರಿಸಿದೆಯಾದರೂ, ವಾರಕ್ಕೆ ಮೂವತ್ತು ಗಂಟೆಯ ಸೇವೆಗೆ ಹಣ ಕೊಡುವ ವಿಮೆ ಅಲ್ಲಿಲ್ಲ. ಹಾಗಾಗಿ ಇಲ್ಲಿನ ಕ್ಲಿನಿಕ್‌ನ ಮಾದರಿಯನ್ನು ಇದ್ದಂತೆಯೇ ಬೆಂಗಳೂರಿಗೆ ಒಯ್ದರೆ ಶ್ರೀಮಂತರ ಮಕ್ಕಳಿಗಷ್ಟೇ ಅದು ಸಿಗುತ್ತದೆ. ಪೋಷಕರಿಗೂ ಶಾಲೆಯ ಶಿಕ್ಷಕಿಯರಿಗೂ ಕಲಿಸಿ, ತಿಂಗಳಿಗೆ ಕೆಲವೇ ಗಂಟೆಗಳಲ್ಲಿ ಯೋಜನೆಯನ್ನು ನಡೆಸುವುದನ್ನು ಕಲಿತವರಿಗೆ ಅಲ್ಲಿ ಕೆಲಸವಿದೆ. ಆ ಆಸೆ ನಿಮಗಿದ್ದರೆ, ಇಲ್ಲಿ ನಿಮ್ಮ ಅನುಭವದ ಗಂಟೆಗಳನ್ನು ಆರಿಸುವಾಗ ಪೋಷಕರ ತರಬೇತಿ ಹೆಚ್ಚಾಗಿ ನಡೆಯುವ ಕ್ಲಿನಿಕ್ ಹುಡುಕಿ. ಡೆಂಟನ್‌ಗೆ ಅರ್ಜಿ ಹಾಕುವುದಾದರೆ, ಅರ್ಜಿಯ ಜೊತೆಗಿನ ಪ್ರಬಂಧದ ಕರಡನ್ನು ಕಳುಹಿಸಿ, ಓದಿ ಹೇಳುತ್ತೇನೆ.